ಹೆದ್ದಾರಿಯ ಪೇಟೆಯಲ್ಲಿ ಮುಖ ತಿದ್ದುವ ಕಸುಬು

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ನಳದುರ್ಗವನ್ನು ದಾಟಿ, ಎರೆನೆಲದ ಬಯಲಿನಲ್ಲಿ ಪೂರ್ವಾಭಿಮುಖವಾಗಿ ಸಾಗಿ, ಕರ್ನಾಟಕದ ಗಡಿಯನ್ನು ಮುಟ್ಟುವುದಕ್ಕೆ ತುಸು ಮುಂಚೆ ಉಮರ್ಗಾ ಎಂಬ ಪೇಟೆಯನ್ನು ಹಾದುಹೋಗುತ್ತದೆ. ಈ ಊರಿಗೆ ರೈಲಿಲ್ಲ. ಆದುದರಿಂದ ಇಲ್ಲಿಗೆ ಬಂದುದೆಲ್ಲವೂ, ಬಟ್ಟೆಬರೆಯಾಗಲಿ, ಔಷಧಿಯಾಗಲಿ, 1948ರ ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯವನ್ನು ಪ್ರವೇಶಿಸಿದ ಭಾರತದ ಸೇನೆಯಾಗಲಿ, ಈ ರಸ್ತೆಯ ಮೂಲಕವೇ ಬಂದಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು ಎಂಬ ಸ್ಥಿತಿಯಲ್ಲಿ ಬೆಳೆದ ಕುಟುಂಬಗಳು ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಇಂದಿಗೂ ಹೇರಳವಾಗಿವೆ. ನಿಲಂಗಾ, ಉದಗೀರಗಳೆರಡೂ 1956ರವರೆಗೆ ಬೀದರ ಜಿಲ್ಲೆಯವೇ ಆಗಿದ್ದು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರಿಗೆ ಸೇರಿದಾಗ ಇವು ಉಸ್ಮಾನಾಬಾದಿನೊಡನೆ ಮುಂಬಯಿ ರಾಜ್ಯದ ಪಾಲಾದುವು. 1982ರಲ್ಲಿ ಲಾತೂರು ಜಿಲ್ಲೆ ಬೇರೆಯಾದಾಗ ಮತ್ತೊಮ್ಮೆ ಕಚೇರಿ ಬದಲಾಯಿತು. ಕಚೇರಿ ಬದಲಾದಾಗಲೆಲ್ಲ ಹೊಸ ಅರ್ಜಿ, ಹೊಸ ಅರ್ಜಿಗೆ ಹೊಸ ಫೋಟೊ. ಗಡಿನಾಡಿನ ಸ್ಟುಡಿಯೋಗಳಿಗೆ ಅನ್ನವಿಟ್ಟ ಕಾರಣಗಳಲ್ಲಿ ಇದೂ ಒಂದೆಂಬುದನ್ನು ಮರೆಯಬಾರದು.

ಫೋಟೊ ತಿದ್ದುವ ಕೆಲಸಕ್ಕೆ ಎಂಥ ಕಂಪ್ಯೂಟರನ್ನು ಕೊಳ್ಳಬೇಕೆಂದು ಈ ಕಡೆಯ ಸ್ಟುಡಿಯೋದವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಈಗ ನಿತ್ಯದ ಮಾತಾಗಿದೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಡವೇ ಎಂಬ ಈ ಚರ್ಚೆ ಇಂದು ನಿನ್ನೆಯದೆಂದು ತೋರುವುದು ಸಹಜ. ಆದರೆ ಮುಖವನ್ನು ತಿದ್ದುವ ಉಪಕರಣ ಹೇಗಿರಬೇಕು, ಅದರ ಯಾವ ಅಂಗಕ್ಕೆ ಹಣ ಹಾಕಬೇಕು ಎಂಬ ವಿಚಾರವು ಈ ಕಸುಬಿನಷ್ಟೇ ಹಳೆಯದು. ಮತ್ತು ನನ್ನ ಎಣಿಕೆಯಲ್ಲಿ, ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಅವರು ಮೊದಲು ಬೆಳಕಿಗೆ ವೆಚ್ಚಮಾಡಿ, ಆಮೇಲೆ ಮಿಕ್ಕುದಕ್ಕೆ ವೆಚ್ಚಮಾಡುತ್ತಿದ್ದರು.

ನಿಜಾಮರ ಸೀಮೆಯಲ್ಲಿ ಛಾಯಾಚಿತ್ರದ ಕಸುಬನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ರಾಜಾ ಲಾಲಾ ದೀನ್ ದಯಾಳರು. 1844ರಲ್ಲಿ ಮೀರತ್ತಿನ ಬಳಿಯ ಸರ್ಧನಾದಲ್ಲಿ ಹುಟ್ಟಿ, ರೂಡ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ಸರಕಾರಿ ನೌಕರಿಯಲ್ಲಿದ್ದ ಈ ಮನುಷ್ಯರು ಆರನೆಯ ನಿಜಾಮ ಮೀರ್ ಮಹಬೂಬ್ ಅಲೀ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ಮುಸವ್ವಿರ್ ಜಂಗ್ ಎಂಬ ಬಿರುದನ್ನು ಪಡೆದರು. ಸಿಕಂದರಾಬಾದಿನಲ್ಲಿದ್ದ ಅವರ ಸ್ಟುಡಿಯೋದಲ್ಲಿ ಫೋಟೊ ತೆಗೆಯುವವರು, ತೊಳೆಯುವವರು, ತಿದ್ದುವವರು, ಬಣ್ಣ ಹಚ್ಚುವವರು ಎಂದು ಕೆಲಸ ಹಂಚಿಹೋಗಿತ್ತು. ಪರದೆಯಲ್ಲಿದ್ದ ಸ್ತ್ರೀಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ಕೈಗೆ ಒಪ್ಪಿಸಲಾಗಿತ್ತು. ನವಾಬರು, ಜಹಗೀರದಾರರು, ಎಲ್ಲೋರಾದ ಗುಹೆಗಳು, ಬೀದರದ ಮಹಮೂದ್ ಗವಾನರ ಮದರಸಾ ಇವೆಲ್ಲವೂ ಅವರ ಗಾಜಿನ ಫಲಕಗಳಲ್ಲಿ ಉಳಿದಿವೆ. 1905ರಲ್ಲಿ ಅವರು ತೀರಿಕೊಂಡ ಎಷ್ಟೋ ಕಾಲದ ಮೇಲೆ, 1989ರಲ್ಲಿ, ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಅಂಥ 2857 ಫಲಕಗಳನ್ನು ಕೊಂಡು ರಕ್ಷಿಸಿತು. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಹಾರ್ಡ್ ಡಿಸ್ಕಿನ ಮಾತು ಬರುವಾಗ ಅದು ಬೇಕಾಗುತ್ತದೆ.

ಮುಖವನ್ನು ತಿದ್ದಬೇಕಾದ ಅಗತ್ಯವಾದರೂ ಏಕೆ ಬಂದಿತು? ಜನರ ಸೌಂದರ್ಯಲಾಲಸೆಯೊಂದೇ ಕಾರಣವೆಂದು ಹೇಳಿ ನಕ್ಕುಬಿಡುವುದು ಅನ್ಯಾಯ. ಹತ್ತೊಂಬತ್ತನೆಯ ಶತಮಾನದ ಫಲಕಗಳ ರಾಸಾಯನಿಕ ಲೇಪವು ನೀಲಿಯ ಬೆಳಕಿಗೆ ಮಾತ್ರ ಚೆನ್ನಾಗಿ ಓಗೊಡುತ್ತಿತ್ತು. ಕೆಂಪು, ಹಳದಿ ವರ್ಣಗಳಿಗೆ ಅದು ಕುರುಡು. ಮನುಷ್ಯನ ಚರ್ಮದಲ್ಲಿ, ಅದರಲ್ಲಿಯೂ ನಮ್ಮ ಬಿಸಿಲುನಾಡಿನ ಚರ್ಮದಲ್ಲಿ, ಕೆಂಪು ಹಳದಿಗಳೇ ಪ್ರಧಾನವಾದುದರಿಂದ, ಗೋಧಿಬಣ್ಣದ ಮುಖವು ಫಲಕದಲ್ಲಿ ಕಗ್ಗಪ್ಪಾಗಿ, ಸಿಡುಬಿನ ಕಲೆಗಳು ಇದ್ದುದಕ್ಕಿಂತ ಆಳವಾಗಿ, ಕೆಂಪು ಕುಂಕುಮವು ಕಪ್ಪು ಬೊಟ್ಟಾಗಿ ಮೂಡುತ್ತಿದ್ದುವು. ಆದ್ದರಿಂದ ಯಂತ್ರವು ಹೇಳಿದ ಸುಳ್ಳನ್ನು ಕೈಯಿಂದ ತಿದ್ದಿ ನಿಜಕ್ಕೆ ಹತ್ತಿರ ತರುವುದು ಈ ಕಲೆಯ ಮೊದಲನೆಯ ಉದ್ದೇಶವಾಗಿತ್ತು. ಮ್ಯೂನಿಕ್ ನಗರದ ಫ್ರಾಂಜ್ ಹಾನ್ಫ್‌ಸ್ಟೆಂಗಲ್ ಎಂಬವನು 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಒಂದೇ ಚಿತ್ರವನ್ನು ತಿದ್ದುವ ಮುಂಚೆ, ತಿದ್ದಿದ ಮೇಲೆ ಎಂದು ಎರಡು ರೂಪದಲ್ಲಿ ತೋರಿಸಿದಂದಿನಿಂದ, ಈ ವಿದ್ಯೆ ಜಗತ್ತಿನ ಸ್ಟುಡಿಯೋಗಳಿಗೆಲ್ಲ ಹರಡಿತು. ಸುಳ್ಳನ್ನು ತಿದ್ದಲು ಬಂದ ಕೈ ಅಲ್ಲಿಗೇ ನಿಲ್ಲಲಿಲ್ಲವೆಂಬುದು ಬೇರೆ ಮಾತು.

ಆ ಕಾಲದ ತಿದ್ದುಮೇಜನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪುಸ್ತಕವಿಡುವ ವ್ಯಾಸಪೀಠದಂತೆ ಓರೆಯಾಗಿ ನಿಂತ ಒಂದು ಮರದ ಚೌಕಟ್ಟು. ಅದರ ನಡುವೆ ಉಜ್ಜಿ ಮಂಕುಮಾಡಿದ ಗಾಜು. ಕೆಳಗೆ ಒಂದು ಕನ್ನಡಿ. ಕಿಟಕಿಯಿಂದ ಬಂದ ಬೆಳಕು ಕನ್ನಡಿಗೆ ತಾಗಿ ಮೇಲಕ್ಕೆ ಚಿಮ್ಮಿ, ಮಂಕುಗಾಜಿನಲ್ಲಿ ಸಮನಾಗಿ ಹರಡಿ, ಅದರ ಮೇಲಿಟ್ಟ ನೆಗೆಟಿವನ್ನು ಬೆನ್ನ ಹಿಂದಿನಿಂದ ಬೆಳಗಿಸುತ್ತಿತ್ತು. ಪಕ್ಕದ ಬೆಳಕು ಕಣ್ಣಿಗೆ ಹೊಡೆಯದಂತೆ ಮೇಲೆ ಕಪ್ಪು ಬಟ್ಟೆಯ ಮುಸುಕು. ರಾಳವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಮಾಡಿದ ದ್ರವದ ಒಂದು ತೊಟ್ಟನ್ನು ನೆಗೆಟಿವಿನ ಮುಖಭಾಗಕ್ಕೆ ಹತ್ತಿಯಿಂದ ತಿಕ್ಕಿದರೆ, ನುಣುಪಾದ ಆ ಮೈಗೆ ಪೆನ್ಸಿಲು ಹಿಡಿಯುವಷ್ಟು ಒರಟು ಬರುತ್ತಿತ್ತು. ಪೆನ್ಸಿಲಿನ ಮೊನೆಯನ್ನು ಮರಳುಕಾಗದಕ್ಕೆ ಉಜ್ಜಿ ಸೂಜಿಯಷ್ಟು ನೀಳಮಾಡಿ, ಸಣ್ಣ ಸಣ್ಣ ಅಲ್ಪವಿರಾಮಗಳಂಥ ಗೀಟುಗಳನ್ನು ಒಂದರ ಮೇಲೊಂದು ಬೀಳದಂತೆ ಇಡುತ್ತ ಹೋಗಬೇಕು. ಮುಖದ ಸುಕ್ಕು ನೆಗೆಟಿವಿನಲ್ಲಿ ತೆಳುವಾದ ಗೆರೆಯಾಗಿ ಕಾಣುವುದಷ್ಟೆ. ಆ ತೆಳುವನ್ನು ಸೀಸದಿಂದ ತುಂಬಿದರೆ ಕಾಗದದ ಮೇಲೆ ಸುಕ್ಕು ಮಾಯ. ಹೆಚ್ಚು ತುಂಬಿದರೆ ಕೆನ್ನೆ ಗೋಡೆಯಂತಾಗಿ ಮುಖದ ಮೂಳೆಯೇ ಕಳೆದುಹೋಗುವುದು. ಕಣ್ಣಿನ ಮೇಲೆ ಬಿದ್ದ ಅನವಶ್ಯಕವಾದ ಹೊಳಪನ್ನು ಕಡಿಮೆಮಾಡಲು ಸಣ್ಣ ಚೂರಿಯಿಂದ ಲೇಪವನ್ನೇ ಕೆರೆಯಬೇಕಾಗಿತ್ತು. ಅಲ್ಲಿ ಕೈ ತಪ್ಪಿದರೆ ಹಿಂದಕ್ಕೆ ಹೋಗುವ ಉಪಾಯವಿರಲಿಲ್ಲ. ಇಂಥ ಮೇಜಿನಲ್ಲಿ ಬೆಲೆಬಾಳುವ ವಸ್ತು ಪೆನ್ಸಿಲೂ ಅಲ್ಲ, ಚೂರಿಯೂ ಅಲ್ಲ. ಉತ್ತರಕ್ಕೆ ತೆರೆದ ಕಿಟಕಿ, ಅದರ ಎದುರಿನ ಜಾಗ. ದಿನವಿಡೀ ಹೆಚ್ಚುಕಡಮೆ ಒಂದೇ ಸಮನಾಗಿರುವ ಉತ್ತರದ ಬೆಳಕಿಗಾಗಿ ಸ್ಟುಡಿಯೋದವರು ಬಾಡಿಗೆ ಹೆಚ್ಚು ಕೊಟ್ಟು ಮಾಳಿಗೆಯ ಕೋಣೆಗಳನ್ನು ಹಿಡಿಯುತ್ತಿದ್ದರು.

ಈ ವಿದ್ಯೆಯು ರಾಜಧಾನಿಯಿಂದ ತಾಲ್ಲೂಕಿನ ಪೇಟೆಗಳಿಗೆ ಇಳಿದುಬಂದಾಗ ಅದರ ಉಪಯೋಗವೂ ಬದಲಾಯಿತು. ರೈತಾಪಿ ಕುಟುಂಬದಲ್ಲಿ ಆಯುಷ್ಯದಲ್ಲಿ ಒಮ್ಮೆಯಾದರೂ ಒಬ್ಬರೇ ಕುಳಿತು ಫೋಟೊ ತೆಗೆಸಿಕೊಂಡವರು ಕಡಿಮೆ. ಹಿರಿಯರು ತೀರಿಕೊಂಡ ಮೇಲೆ ಗೋಡೆಗೆ ಪಟ ಬೇಕು. ಆಗ ಯಾವುದೋ ಮದುವೆಯ ಗುಂಪು ಚಿತ್ರದಲ್ಲಿ ಮೂರನೆಯ ಸಾಲಿನಲ್ಲಿ ನಿಂತಿದ್ದ ಅರ್ಧ ಮುಖವನ್ನು ಬೇರ್ಪಡಿಸಿ, ದೊಡ್ಡದು ಮಾಡಿ, ಮಸುಕಾದ ಮೂಗು ಕಣ್ಣುಗಳಿಗೆ ಗೆರೆ ಕೊಟ್ಟು, ಕೋಟು ತೊಡಿಸಿ, ತಲೆಗೆ ರುಮಾಲು ಸುತ್ತಿ, ಹಣೆಗೆ ವಿಭೂತಿಯಿಟ್ಟು ಕೊಡುವುದೇ ತಿದ್ದುವವನ ಮುಖ್ಯ ಕೆಲಸವಾಯಿತು. “ಅಣ್ಣಾ, ಅಪ್ಪಾನ ಮಾರಿ ಜರಾ ತಿಳಿ ಮಾಡ್ರಿ, ಮೂಗು ಮಾತ್ರ ಹಂಗೇ ಇರ್ಲಿ” ಎಂಬ ಬಗೆಯ ಬೇಡಿಕೆಯನ್ನು ಈ ಸೀಮೆಯ ಯಾವ ಸ್ಟುಡಿಯೋದಲ್ಲಿಯೂ ಕೇಳಬಹುದು. ಬಣ್ಣವನ್ನು ತಿಳಿಮಾಡಬೇಕು, ಗುರುತು ಮಾತ್ರ ಕೆಡಬಾರದು. ಈ ಎರಡು ಷರತ್ತುಗಳ ನಡುವೆ ನಡೆಯುವುದೇ ಈ ಕಸುಬಿನ ಸಮಸ್ತ ಧರ್ಮ.

ಸ್ವಾತಂತ್ರ್ಯಾನಂತರ ಫಲಕ ಹೋಗಿ ಫಿಲ್ಮು ಬಂದಿತು. 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು 1967ರಿಂದ ‘ಇಂದು’ ಎಂಬ ಹೆಸರಿನ ಕಪ್ಪುಬಿಳುಪು ಫಿಲ್ಮು, ಕಾಗದಗಳನ್ನು ತಯಾರಿಸಿ ದೇಶಕ್ಕೆ ಒದಗಿಸಿತು. ಸುಲಭದ ಆಗ್ಫಾ ಕ್ಲಿಕ್ ಕ್ಯಾಮರಾ ಅನುಕೂಲಸ್ಥರ ಮನೆಗಳಿಗೂ ನುಗ್ಗಿತು. ಫಿಲ್ಮಿನ ಅಳತೆ ಚಿಕ್ಕದಾದಂತೆ ತಿದ್ದುವ ಕೈಗೆ ಸಂಕಟ ಹೆಚ್ಚಿತು. ಅಂಗೈಯಗಲದ ಗಾಜಿನಲ್ಲಿ ಮುಖವು ಹೆಬ್ಬೆರಳಿನಷ್ಟಿರುತ್ತಿತ್ತು. 120ರ ಫಿಲ್ಮಿನ ಆರು ಸೆಂಟಿಮೀಟರಿನ ಚೌಕದಲ್ಲಿಯೂ ಪೆನ್ಸಿಲಿಗೆ ಹೇಗೋ ತಾವಿತ್ತು. 35 ಮಿಲಿಮೀಟರಿನ ಸುರುಳಿಯಲ್ಲಿ ಮುಖವು ಜೋಳದ ಕಾಳಿನಷ್ಟಾದ ಮೇಲೆ ಯಾವ ಮೊನೆಯೂ ಅಲ್ಲಿ ನಡೆಯದು. ಅದರ ಮೇಲೆ ಬಣ್ಣದ ಫಿಲ್ಮು ಬಂದು, ತೊಳೆಯುವುದು ಮುದ್ರಿಸುವುದು ಎಲ್ಲವೂ ದೂರದ ದೊಡ್ಡ ಊರುಗಳ ಲ್ಯಾಬಿನ ಯಂತ್ರಗಳ ಪಾಲಾಯಿತು. ಸಂಜೆಯ ಬಸ್ಸಿನಲ್ಲಿ ಸುರುಳಿಗಳ ಚೀಲ ಹೋಗುವುದು, ಒಂದೆರಡು ದಿನದ ಮೇಲೆ ಚಿತ್ರಗಳ ಲಕೋಟೆ ಬರುವುದು, ಇಷ್ಟೇ ತಾಲ್ಲೂಕಿನ ಸ್ಟುಡಿಯೋಗೆ ಉಳಿದ ವ್ಯವಹಾರ. ಹೀಗೆ ಸ್ಥೂಲವಾಗಿ ಎಂಬತ್ತು, ತೊಂಬತ್ತರ ದಶಕಗಳಲ್ಲಿ ನಮ್ಮ ಮದುವೆ ಮುಂಜಿಗಳ ಚಿತ್ರಗಳು ತಿದ್ದದೆಯೇ ಆಲ್ಬಮ್ಮು ಸೇರಿದುವು. ಬೆವರಿದ ಹಣೆ, ಬೆಳಕಿಗೆ ಕೆಂಪಾದ ಕಣ್ಣು, ಹೊಗೆಯಿಂದ ಕರಿದಾದ ಮದುವೆಯ ಚಪ್ಪರ ಇದ್ದಂತೆಯೇ ಇರುವ ಆ ಆಲ್ಬಮ್ಮುಗಳಷ್ಟು ಪ್ರಾಮಾಣಿಕವಾದ ದಾಖಲೆ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೆಯೂ ಬರಲಿಲ್ಲವೆಂದು ನಾನು ಭಾವಿಸಿದ್ದೇನೆ.

1993ನೆಯ ಇಸವಿ ಈ ಕಸುಬಿನ ಪಾಲಿಗೆ ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷದ ಆಗಸ್ಟಿನಲ್ಲಿ, ಟಿ. ಎನ್. ಶೇಷನ್ನರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, ಮತದಾರರಿಗೆಲ್ಲ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂಬ ಆದೇಶ ಹೊರಟಿತು; ಜನ್ಮದಲ್ಲಿ ಕ್ಯಾಮರಾದ ಮುಂದೆ ಕೂರದವರನ್ನೂ ಅದು ಕೂರಿಸಿತು. ತಿಂಗಳು ಕಳೆದು, ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಕಿಲ್ಲಾರಿಯ ಭೂಕಂಪವಾಯಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತು ಸಹಸ್ರದಷ್ಟು ಜನ ಮಡಿದರು. 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ಉಮರ್ಗಾ ತಾಲ್ಲೂಕಿಗೆ ಆಗ ಸೇರಿದ್ದ ಸಾಸ್ತೂರು ತೀವ್ರವಾಗಿ ನೊಂದ ಊರುಗಳಲ್ಲಿ ಒಂದು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು, ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದುವು; ಆ ಗೋಡೆಗಳಲ್ಲಿ ತೂಗಿದ್ದ ಹಿರಿಯರ ಪಟಗಳ ಗತಿ ಏನಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಹೊಸ ಮನೆಯ ಗೋಡೆಗೆ ಒಂದು ಮುಖ ಬೇಕೆನ್ನುವವನಿಗೆ ನೆಂಟರ ಮನೆಯ ಗುಂಪು ಚಿತ್ರವೇ ಗತಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಂಥ ಹರಿದ ಚಿತ್ರವನ್ನು ಕೂಡಿಸುವ ಯಂತ್ರ ಇದೇ ಹೆದ್ದಾರಿಯಲ್ಲಿ ಬಂದಿತು.

ಆ ಯಂತ್ರದ ಪ್ರಾಣವೆನ್ನಬಹುದಾದ ಫೋಟೋಶಾಪ್ ಹುಟ್ಟಿದ್ದು ಅಮೆರಿಕೆಯಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕ ವಿದ್ಯಾರ್ಥಿಯಾಗಿದ್ದ ಥಾಮಸ್ ನಾಲ್, ಸಿನೆಮಾ ತಂತ್ರಜ್ಞನಾಗಿದ್ದ ಅವನ ಸೋದರ ಜಾನ್ ನಾಲ್ ಇಬ್ಬರೂ 1987ರಲ್ಲಿ ಮೊದಲುಮಾಡಿದ ಕೆಲಸವನ್ನು ಅಡೋಬ್ ಕಂಪನಿ ಪರವಾನಗಿಯ ಮೇಲೆ ಪಡೆದು 1990ರ ಫೆಬ್ರವರಿಯಲ್ಲಿ ಮಾರಾಟಕ್ಕಿಟ್ಟಿತು. ಮೊದಲು ಮ್ಯಾಕಿಂಟಾಷ್‌ಗೆ ಮಾತ್ರ ಇದ್ದುದು ಮೂರು ವರ್ಷದ ಮೇಲೆ ವಿಂಡೋಸಿಗೂ ಬಂದಿತು. ನಮ್ಮ ಪೇಟೆಗಳ ಮಟ್ಟಿಗೆ ನಿಜವಾದ ಶಕಪುರುಷನೆಂದರೆ 2002ರ ಏಳನೆಯ ಆವೃತ್ತಿ. ಕಲೆಯಿರುವ ಚರ್ಮದ ಮೇಲೆ ಪಕ್ಕದ ಒಳ್ಳೆಯ ಚರ್ಮದ ಮೇಲ್ಮೈಯ ವಿನ್ಯಾಸವನ್ನು ತಂದು, ಆಯಾ ಜಾಗದ ಬೆಳಕು ನೆರಳಿಗೆ ತಕ್ಕಂತೆ ತಾನೇ ಬೆರೆಸುವ ಹೀಲಿಂಗ್ ಬ್ರಷ್ ಅದರಲ್ಲಿ ಮೊದಲು ಬಂದಿತು. ಪೆನ್ಸಿಲಿನ ಮೊನೆಯಿಂದ ಅರ್ಧ ದಿನ ಮಾಡುತ್ತಿದ್ದ ಕೆಲಸ ಎರಡು ನಿಮಿಷಕ್ಕೆ ಇಳಿಯಿತು. ‘ಸೆವೆನ್ ಪಾಯಿಂಟ್ ಜೀರೋ’ ಎಂದರೆ ಹಳೆಯ ಡಿಸೈನರುಗಳ ಮುಖ ಇಂದಿಗೂ ಅರಳುತ್ತದೆ. ಬೆಲೆ ತೆತ್ತು ಕೊಂಡ ಪ್ರತಿಗಳು ಎಷ್ಟಿದ್ದುವೆಂದು ಮಾತ್ರ ಕೇಳಬಾರದು.

ಅದನ್ನು ಓಡಿಸುವ ಪೆಟ್ಟಿಗೆಯನ್ನು ತರಬೇಕಾದರೆ ಒಂದೋ ಪಶ್ಚಿಮಕ್ಕೆ ಸೊಲ್ಲಾಪುರ, ಪುಣೆ. ಇಲ್ಲವೆ ಪೂರ್ವಕ್ಕೆ ಸಿಕಂದರಾಬಾದು. ದೀನ್ ದಯಾಳರ ಸ್ಟುಡಿಯೋ ಇದ್ದ ಅದೇ ಸಿಕಂದರಾಬಾದಿನಲ್ಲಿ ಈಗ ಚಿನಾಯ್ ಟ್ರೇಡ್ ಸೆಂಟರ್ ಎಂಬ ಕಟ್ಟಡವು ಮದರ್‌ಬೋರ್ಡು, ರ‍್ಯಾಮು, ಮಾನಿಟರುಗಳ ಸಂತೆಯಾಗಿದೆ. ಬಿಡಿಭಾಗಗಳನ್ನು ಕೊಂಡು ಅಲ್ಲಿಯೇ ಅಸೆಂಬಲ್ ಮಾಡಿಸಿ, ಹಾಸಿಗೆಯ ನಡುವೆ ಸುತ್ತಿ ರಾತ್ರಿಯ ಬಸ್ಸಿನಲ್ಲಿ ತರುವುದು ಸಾಮಾನ್ಯವಾಗಿತ್ತು. ತಂದ ಮೇಲೆ ಅದಕ್ಕೆ ವಿದ್ಯುತ್ತು ಬೇಕು. ಎರಡು ಸಾವಿರದ ಮೊದಲ ದಶಕದಲ್ಲಿ ಮಹಾರಾಷ್ಟ್ರದ ಗ್ರಾಮಾಂತರಗಳಲ್ಲಿ ಲೋಡ್ ಶೆಡ್ಡಿಂಗ್ ದಿನಕ್ಕೆ ಹಲವು ತಾಸು ಇತ್ತು. ಯುಪಿಎಸ್ ಬೀಪ್ ಎನ್ನತೊಡಗಿದೊಡನೆ ಕಂಟ್ರೋಲ್ ಎಸ್ ಒತ್ತುವುದು ಬೆರಳಿಗೆ ಮೈಗೂಡಿಹೋಯಿತು. ಆ ಕಾಲದಲ್ಲಿ ಕಂಪ್ಯೂಟರ್ ಆರಿಸುವುದೆಂದರೆ ಬ್ಯಾಟರಿ ಆರಿಸುವುದೂ ಆಗಿತ್ತು.

ಹೆಚ್ಚು ಶಕ್ತಿಯ ಕಂಪ್ಯೂಟರಿನ ಆಸೆ ಏಕೆ ಹುಟ್ಟಿತೆಂಬುದಕ್ಕೆ ಕರಿಜ್ಮಾ ಆಲ್ಬಮ್ಮೇ ಉತ್ತರ. ಚಿತ್ರಗಳನ್ನು ಅಂಟಿಸುವ ಹಳೆಯ ಪದ್ಧತಿ ಹೋಗಿ, ತೆರೆದ ಎರಡು ಪುಟ ಸೇರಿ 12 ಅಂಗುಲ ಎತ್ತರ, 36 ಅಂಗುಲ ಅಗಲದ ಒಂದೇ ಹಾಳೆಯಾಗಿ, ಅದರಲ್ಲಿ ವಧೂವರರ ಹತ್ತು ಭಂಗಿ, ಹಿನ್ನೆಲೆಗೆ ಎಲ್ಲಿಯದೋ ಹಿಮಪರ್ವತ ಎಂಬ ಶೈಲಿ ಬಂದಿತು. ಅಂಗುಲಕ್ಕೆ 300 ಚುಕ್ಕಿಯಂತೆ ಲೆಕ್ಕಹಾಕಿದರೆ ಇಂಥ ಹಾಳೆಯಲ್ಲಿ 3600ರಿಂದ 10800ನ್ನು ಗುಣಿಸಿದಷ್ಟು, ಎಂದರೆ 3 ಕೋಟಿ 88 ಲಕ್ಷಕ್ಕೆ ಮೇಲ್ಪಟ್ಟು ಚುಕ್ಕಿಗಳಿರುತ್ತವೆ. ಚುಕ್ಕಿಗೆ ಮೂರು ಬೈಟಿನಂತೆ ಬರಿಯ ಹಾಳೆಯೇ 11 ಕೋಟಿ 66 ಲಕ್ಷ ಬೈಟು. ಅದರ ಮೇಲೆ ಲೇಯರಿನ ಮೇಲೆ ಲೇಯರು ಏರಿದರೆ ಒಂದೊಂದು ಪಿಎಸ್‌ಡಿ ಕಡತವೂ ಗಿಗಾಬೈಟನ್ನು ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. 32 ಬಿಟ್ಟಿನ ವಿಂಡೋಸು 4 ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸಲಾರದಾಗಿತ್ತು. 2008ರ ಸಿಎಸ್4 ಆವೃತ್ತಿಯಲ್ಲಿ ಫೋಟೋಶಾಪು ವಿಂಡೋಸಿನಲ್ಲಿ 64 ಬಿಟ್ಟಿಗೆ ಏರಿದ ಮೇಲೆ ಆ ಕಟ್ಟು ಬಿಚ್ಚಿತು. ರ‍್ಯಾಮು ಸಾಲದಾದಾಗ ಫೋಟೋಶಾಪು ಡಿಸ್ಕಿನ ಜಾಗವನ್ನು ಸಾಲ ಪಡೆಯುತ್ತದೆ. ಆ ಡಿಸ್ಕು ತಿರುಗುವ ಹಳೆಯ ಬಗೆಯದಾಗಿದ್ದರೆ ಡಿಸೈನರು ಚಹಾ ಕುಡಿದು ಬರಬಹುದು, ಎಸ್‌ಎಸ್‌ಡಿಯಾಗಿದ್ದರೆ ಕುಳಿತಲ್ಲಿಯೇ ಕೆಲಸ ಮುಗಿಯುತ್ತದೆ. ಆದುದರಿಂದ 16 ಜಿಬಿ ರ‍್ಯಾಮು, ಸಾಧ್ಯವಾದರೆ 32, ಜೊತೆಗೊಂದು ಎಸ್‌ಎಸ್‌ಡಿ ಎಂಬ ಇಂದಿನ ಬೇಡಿಕೆಯಲ್ಲಿ ಆಡಂಬರವೇನೂ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಮದುವೆಯ ವಿಡಿಯೋ ಮಿಕ್ಸಿಂಗ್ ಮಾಡುವವರಿಗೆ, ಕತ್ತಲೆಯ ಚಿತ್ರಗಳ ಕಾಳುಕಾಳನ್ನು ಕೃತಕ ಬುದ್ಧಿಯಿಂದ ಅಳಿಸುವವರಿಗೆ ಅದು ಅವಶ್ಯ, ಮಿಕ್ಕವರಿಗೆ ಮಧ್ಯಮ ತರಗತಿಯದು ಸಾಕು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಇಷ್ಟೆಲ್ಲವನ್ನೂ ಚೌಕಾಸಿ ಮಾಡಿ ಕೊಂಡವರು ಮಾನಿಟರಿಗೆ ಬರುವಷ್ಟರಲ್ಲಿ ಕಿಸೆ ಬರಿದಾಗಿರುತ್ತದೆ; ಇದ್ದುದರಲ್ಲಿ ಅಗ್ಗದ್ದನ್ನು ಎತ್ತಿಕೊಳ್ಳುತ್ತಾರೆ. ಅಗ್ಗದ ಟಿಎನ್ ಫಲಕದ ಮಾನಿಟರಿನಲ್ಲಿ ತಲೆಯನ್ನು ನಾಲ್ಕಂಗುಲ ಮೇಲಕ್ಕೆತ್ತಿದರೆ ಮದುಮಗಳು ಬೆಳ್ಳಗೆ, ತಗ್ಗಿಸಿದರೆ ಕಪ್ಪಗೆ ಕಾಣುತ್ತಾಳೆ. ಅಂಥದರ ಮುಂದೆ ಕುಳಿತು ಮುಖದ ಬಣ್ಣವನ್ನು ತೀರ್ಮಾನಿಸುವುದಾದರೂ ಹೇಗೆ? ಐಪಿಎಸ್ ಫಲಕಕ್ಕೆ ಈ ದೋಷ ಬಹುಮಟ್ಟಿಗೆ ಇಲ್ಲ; ಲ್ಯಾಬಿನ ಮುದ್ರಣಯಂತ್ರಗಳು ಸಾಮಾನ್ಯವಾಗಿ ಬಯಸುವ ಎಸ್‌ಆರ್‌ಜಿಬಿ ಎಂಬ ವರ್ಣಮಾನವನ್ನು ಪೂರ್ತಿ ತೋರಿಸುವಂಥದು ಮೂರನೆಯ ದರ್ಜೆಯ ಗ್ರಾಫಿಕ್ಸ್ ಕಾರ್ಡಿನ ಬೆಲೆಗೇ ಸಿಗುತ್ತದೆ. ಅದನ್ನಿಟ್ಟ ಜಾಗ ಇನ್ನೊಂದು ಕಥೆ. ಗಿರಾಕಿಗೂ ಕಾಣಲಿ ಎಂದು ಮಾನಿಟರನ್ನು ರಸ್ತೆಯ ಶಟರಿಗೆ ಮುಖಮಾಡಿ ಇಟ್ಟಿರುತ್ತಾರೆ. ಹಿಂದೆ ಗುಲಾಬಿ ಬಣ್ಣದ ಗೋಡೆ. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಬಿದ್ದು ಚಿತ್ರ ಮಂಕಾಗಿ ಕಾಣುವುದರಿಂದ ಬ್ರೈಟ್‌ನೆಸ್ಸನ್ನು ನೂರಕ್ಕೆ ಏರಿಸಿರುತ್ತಾರೆ. ಉರಿಯುವ ಪರದೆಯಲ್ಲಿ ಹದವಾಗಿ ಕಂಡ ಚಿತ್ರ ಕಾಗದಕ್ಕೆ ಬಂದಾಗ ಕಪ್ಪಾಗುತ್ತದೆ, ಬೈಗುಳವೆಲ್ಲ ಲ್ಯಾಬಿಗೆ. ಉತ್ತರದ ಕಿಟಕಿಗೆ ಹೆಚ್ಚು ಬಾಡಿಗೆ ತೆತ್ತ ಆ ಹಳಬರು ಇದನ್ನು ಕಂಡಿದ್ದರೆ ಕಪ್ಪು ಬಟ್ಟೆಯ ಮುಸುಕನ್ನು ನಮ್ಮ ಮಾನಿಟರಿಗೇ ಹೊದಿಸುತ್ತಿದ್ದರು.

ಸಂಗ್ರಹಣೆಯಲ್ಲಿಯೂ ನಮ್ಮದು ಹಿಂಜರಿತವೇ. ಎರಡು ಸಾವಿರದ ಮೊದಲ ದಶಕದಲ್ಲಿ ಮದುವೆಯವರಿಗೆ ಕೊಟ್ಟ ಸಿಡಿಗಳಲ್ಲಿ ಎಷ್ಟೋ ಈಗ ತೆರೆಯುವುದಿಲ್ಲ. ತೆರೆಯುವ ಡ್ರೈವು ಹೊಸ ಕಂಪ್ಯೂಟರುಗಳಲ್ಲಿ ಇರುವುದೇ ಇಲ್ಲ. ಒಂದು ಮದುವೆಗೆ ಮೂರು ಸಾವಿರ ಕಚ್ಚಾ (ರಾ) ಚಿತ್ರಗಳಾದರೆ, ಒಂದೊಂದು 25 ಎಂಬಿಯಂತೆ, 75 ಜಿಬಿ. ಒಂದು ಹಂಗಾಮಿನ ಎಲ್ಲ ಮದುವೆಗಳನ್ನೂ ಒಂದೇ ಹಾರ್ಡ್ ಡಿಸ್ಕಿನಲ್ಲಿ ನೆಚ್ಚಿಡುವವನು, ನೂರು ವರ್ಷಕ್ಕೆ ಮೇಲ್ಪಟ್ಟು ಬಾಳಿದ ಆ 2857 ಗಾಜುಗಳನ್ನು ನೆನೆದಾದರೂ ಇನ್ನೊಂದು ಡಿಸ್ಕು ಕೊಂಡು ಪ್ರತಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಗಡಿಯ ಡಿಸೈನರಿಗೆ ಬೆಂಗಳೂರಿನವನಿಗೂ ಮುಂಬಯಿಯವನಿಗೂ ಇಲ್ಲದ ಒಂದು ಪೇಚು ಉಂಟು: ವರನ ಕಡೆಯವರು ಆಲ್ಬಮ್ಮಿನ ಮೇಲೆ ಮರಾಠಿಯಲ್ಲಿ ಹೆಸರು ಬೇಕೆನ್ನುತ್ತಾರೆ, ಆಳಂದ ಬಸವಕಲ್ಯಾಣಗಳ ಕಡೆಯಿಂದ ಬಂದ ವಧುವಿನವರು ಕನ್ನಡದಲ್ಲಿ. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡವನ್ನಿಟ್ಟರೆ ಒತ್ತಕ್ಷರಗಳು ಕಳಚಿ ಪಕ್ಕಪಕ್ಕ ನಿಲ್ಲುತ್ತಿದ್ದುವು. ಆದುದರಿಂದ ಪುಣೆಯ ಶ್ರೀಲಿಪಿ, ನಮ್ಮ ಬರಹ, ನುಡಿ ಎಂದು ಎರಡು ಮೂರು ತಂತ್ರಾಂಶಗಳನ್ನು ಒಂದೇ ಯಂತ್ರದಲ್ಲಿ ತುಂಬಿಟ್ಟುಕೊಂಡಿರುವ ಸ್ಟುಡಿಯೋಗಳು ಈ ಕಡೆ ಅಪರೂಪವಲ್ಲ.

ಇಷ್ಟು ಸಿದ್ಧತೆಯಿಂದ ಕೊಂಡ ಯಂತ್ರವು, ಮದುವೆಯ ಹಂಗಾಮು ಕಳೆದ ಮೇಲೆ, ಹಗಲೆಲ್ಲ ಮಾಡುವ ಕೆಲಸವಾವುದೆಂದರೆ ಆನ್‌ಲೈನ್ ಅರ್ಜಿಗಳ ಫೋಟೊ. ಬ್ಯಾಂಕಿನ ನೌಕರಿಯ ಪರೀಕ್ಷೆಗೆ ಅರ್ಜಿ ಹಾಕುವ ಹುಡುಗರು ಮೊಬೈಲು ಹಿಡಿದು ಸಾಲಾಗಿ ನಿಲ್ಲುತ್ತಾರೆ. ಭಾವಚಿತ್ರವು 20ರಿಂದ 50 ಕೆಬಿಯೊಳಗೆ, ಸಹಿಯು 10ರಿಂದ 20 ಕೆಬಿಯೊಳಗೆ ಇರತಕ್ಕದ್ದೆಂಬುದು ನಿಯಮ. ಹನ್ನೊಂದು ಕೋಟಿ ಬೈಟಿನ ಹಾಳೆಯನ್ನು ಲೀಲಾಜಾಲವಾಗಿ ಎತ್ತುವ ಪೆಟ್ಟಿಗೆಯು ಒಂದು ಮುಖವನ್ನು ಐವತ್ತು ಸಾವಿರ ಬೈಟಿನ ಒಳಕ್ಕೆ ತುರುಕುತ್ತ ಕುಳಿತಿರುತ್ತದೆ. ಅದಕ್ಕೆ ಸ್ಟುಡಿಯೋದವನು ಪಡೆಯುವುದು ಚಹಾದ ಕಾಸಿಗಿಂತ ಸ್ವಲ್ಪ ಹೆಚ್ಚು, ಮತ್ತು ಆ ಹುಡುಗನೂ ಹೊರಡುವ ಮುಂಚೆ ಮಾರಿ ಜರಾ ತಿಳಿ ಮಾಡಿಸಿಕೊಂಡೇ ಹೋಗುತ್ತಾನೆ.